ಜೋನ್‌ಬಾಯಿಯ ಸೋದರಮಾವನಿಗೆ ಮಂಗಸೂಳಿ ಭಂಡಾರ

ವಿಮಾನ ನಿಲ್ದಾಣ

ನಾವು ಹೋಗಿದ್ದ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿಯ ಜನ ನಮ್ಮನ್ನು ಕ್ಷಮಿಸಿದ್ದಾರೆ, ಆದರೆ ಮರೆತಿದ್ದಾರೆಂದು ಹೇಳುವ ಧೈರ್ಯ ನನಗಿಲ್ಲ. ಆಸ್ಟ್ರೇಲಿಯಾದಲ್ಲಿ ಸಮುದ್ರ ಬಿಟ್ಟು ಕಾರಿನಲ್ಲಿ ಆರು ತಾಸು ಒಳಗೆ ಹೋದರೆ ಸಿಗುವ, ಒಂದೇ ಬೀದಿಯ, ಕುರಿ ಸಾಕುವವರ ಊರು ಎಂದಿಷ್ಟು ಹೇಳಿದರೆ ಸಾಕು.

ನಾನು ಕಾಗವಾಡದ ಕಡೆ ಜಾನುವಾರು ಪರೀಕ್ಷಕನಾಗಿದ್ದು ನಿವೃತ್ತನಾದವನು. ಕುರಿಗಾರರೆಲ್ಲ ನನ್ನನ್ನು ಡಾಕ್ಟರ್ ಅನ್ನುತ್ತಾರೆ. ನಾನು ಡಾಕ್ಟರ್ ಅಲ್ಲ ಎಂದು ಮೊದಲ ಹತ್ತು ವರ್ಷ ಹೇಳಿದೆ, ಆಮೇಲೆ ಬಿಟ್ಟೆ. ನಮ್ಮ ಭಾಗದ ಕುರಿಗಾರರ ಸಂಘದವರು ಹೊರದೇಶದ ಕುರಿ ಸಾಕಣೆ ನೋಡಿಕೊಂಡು ಬರಲು ಒಬ್ಬ ಕುರಿಗಾರನನ್ನೂ ಒಬ್ಬ ಇಂಗ್ಲಿಷ್ ಬಲ್ಲವನನ್ನೂ ಕಳಿಸಿದರು. ಕುರಿಗಾರ ನಮ್ಮ ಪಕ್ಕದ ಅನಂತಪುರದ ಮಲ್ಲಪ್ಪಣ್ಣ. ಎಪ್ಪತ್ತು ವರ್ಷ, ಎಂಬತ್ತು ಕುರಿ. ಇಂಗ್ಲಿಷ್ ಬಲ್ಲವನು ನಾನು. ನನ್ನದು ಔಷಧಿ ಬಾಟಲಿಗಳ ಮೇಲೆ ಕಲಿತ ಇಂಗ್ಲಿಷ್, ಅದರಲ್ಲಿ ಮಾತುಕತೆ ಕಡಿಮೆ.

ವಿಮಾನ ಇಳಿಯುವ ಮೊದಲು ಒಂದು ಕಾಗದ ತುಂಬಬೇಕು. ಕಳೆದ ಮೂವತ್ತು ದಿನಗಳಲ್ಲಿ ಹೊಲಕ್ಕೆ ಹೋಗಿದ್ದೀರಾ, ದನ ಕುರಿಗಳ ಹತ್ತಿರ ಇದ್ದಿರಾ ಎಂದು ಕೇಳಿದ್ದರು. ಓದಿ ಹೇಳಿದೆ.

“ಮೂವತ್ತ ದಿನದ್ದ ಯಾಕ ಕೇಳ್ತಾರ? ಎಪ್ಪತ್ತ ವರ್ಷದ್ದು ಬರೀರಿ,” ಅಂದ ಮಲ್ಲಪ್ಪಣ್ಣ.

ಬರೆದೆ. ನಮ್ಮನ್ನು ಬೇರೆ ಸಾಲಿನಲ್ಲಿ ನಿಲ್ಲಿಸಿದರು. ಕೈಗವಸು ಹಾಕಿದ ಒಬ್ಬ ಹುಡುಗಿ ಮಲ್ಲಪ್ಪಣ್ಣನ ಚಪ್ಪಲಿಗಳನ್ನು ಒಳಗೆ ಒಯ್ದು, ತೊಳೆದು, ಒರೆಸಿ, ಎರಡೂ ಕೈಯಿಂದ ತಂದುಕೊಟ್ಟಳು. ಅಥಣಿಯಲ್ಲಿ ಹೊಲಿಸಿದ ಆ ಚಪ್ಪಲಿಗಳ ನಿಜವಾದ ಬಣ್ಣವನ್ನು ನಾನು ಅವತ್ತೇ ನೋಡಿದ್ದು. ಮಲ್ಲಪ್ಪಣ್ಣ ಅವಳ ಕಾಲು ಮುಟ್ಟಲು ಬಗ್ಗಿದ. ಅವಳು ಹೆದರಿ ಹಿಂದೆ ಸರಿದಳು.

“ಯಾವ ಹೆಣ್ಮಗಳ ಕಡಿಂದನೂ ಚಪ್ಪಲಿ ತೊಳಿಸಿಲ್ರಿ ನಾ. ಪಾಪ ಹತ್ತತೈತಿ ನಂಗ. ಹೇಳ್ರಿ ಆಕಿಗೆ.”

ಥ್ಯಾಂಕ್ಸ್ ಎಂದು ಹೇಳಿದೆ. ಆಮೇಲೆ ಅವನ ಕರಿಯ ಕಂಬಳಿಯನ್ನು ಮೂವರು ಅಧಿಕಾರಿಗಳೂ ಒಂದು ನಾಯಿಯೂ ಮೂಸಿದರು. ಕೊನೆಗೆ ಒಂದು ಚೀಲ ಉಳಿಯಿತು, ಒಳಗೆ ಅರ್ಧ ಸೇರು ಭಂಡಾರ. ಮಂಗಸೂಳಿ ಮಲ್ಲಯ್ಯನ ಗುಡಿಯಲ್ಲಿ ದೇವರ ಮೇಲೂ ಬಂದವರ ಮೇಲೂ ತೂರುವ ಅರಿಷಿಣ ಪುಡಿ ಅದು. ಮಲ್ಲಪ್ಪಣ್ಣ ಅದಿಲ್ಲದೆ ಚಿಕ್ಕೋಡಿಗೂ ಹೋಗುವವನಲ್ಲ. ಹುಡುಗಿ ಪುಡಿಯಲ್ಲಿ ಬೀಜ, ಹುಳ ಏನೂ ಇಲ್ಲವೆಂದು ನೋಡಿ ನಗುತ್ತ ವಾಪಸು ಕೊಟ್ಟಳು. ಒಳ್ಳೆಯ ಅಧಿಕಾರಿ ಅಂದುಕೊಂಡೆ. ಅವಳು ಸ್ವಲ್ಪ ಕೆಟ್ಟವಳಾಗಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ಜೋನ್‌ಬಾಯಿಯ ಮನೆ

ನಾವು ಇಳಿದುಕೊಂಡದ್ದು ಜೋನ್ ಎಂಬ ಮುದುಕಿಯ ಕುರಿಮನೆಯಲ್ಲಿ, ಅಂದರೆ ಕುರಿ ಮೇಯುವ ಜಮೀನಿನ ನಡುವಿನ ಮನೆಯಲ್ಲಿ. ಎಂಬತ್ತಮೂರು ವರ್ಷ. ಗಂಡ ತೀರಿಹೋಗಿದ್ದಾರೆ. ನಾಲ್ಕು ಸಾವಿರ ಕುರಿ, ಎರಡು ನಾಯಿ, ಕೆಲಸಕ್ಕೆ ವಾರಕ್ಕೆರಡು ದಿನ ಬರುವ ಒಬ್ಬ ಆಳು. ಮಲ್ಲಪ್ಪಣ್ಣನಿಗೆ ಒಂದು ಅಭ್ಯಾಸವಿದೆ. ಎದುರಿನವರಿಗೆ ಕನ್ನಡ ಬರುವುದಿಲ್ಲ ಎಂದು ಗೊತ್ತಾದ ಕೂಡಲೇ ಮರಾಠಿಗೆ ಇಳಿಯುತ್ತಾನೆ. ನಮ್ಮ ಕಡೆ ಅದು ಸಾಮಾನ್ಯವಾಗಿ ಸಾಕಾಗುತ್ತದೆ.

“ಕಾಯ್ ಬಾಯಿ, ಬರ ಹಾಯ್ ನ್ಹವ?” ಎಂದು ಬಾಗಿಲಲ್ಲೇ ಕ್ಷೇಮ ವಿಚಾರಿಸಿದ.

ಅವರು ಇಂಗ್ಲಿಷಿನಲ್ಲಿ ಏನೋ ಹೇಳಿದರು. ಇವನು ಹೂಂಗುಟ್ಟಿದ. ಅವತ್ತಿನಿಂದ ಅವರು ಜೋನ್‌ಬಾಯಿ. ಇಬ್ಬರೂ ದಿನಾಲೂ ಹಾಗೇ ಮಾತಾಡಿದರು, ನಾನು ನಡುವೆ ಬಾಯಿ ಹಾಕಿದಾಗ ಮಾತ್ರ ಗೊಂದಲವಾಗುತ್ತಿತ್ತು.

ಮೊದಲ ಎರಡು ದಿನ ಮಲ್ಲಪ್ಪಣ್ಣ ಅರ್ಧ ಹೊಟ್ಟೆಯಲ್ಲಿ ಮಲಗಿದ. ತಪ್ಪು ಅವನದೂ ಅಲ್ಲ, ಅವರದೂ ಅಲ್ಲ. ನಮ್ಮಲ್ಲಿ ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳಿ ಎಂದರೆ ಬೇಡ ಅನ್ನಬೇಕು. ಮತ್ತೆ ಹಾಕಲು ಬಂದರೆ ತಾಟಿನ ಮೇಲೆ ಕೈ ಅಡ್ಡ ಹಿಡಿಯಬೇಕು. ಮೂರನೇ ಸಲಕ್ಕೆ ಕೈಯ ಸಂದಿಯಿಂದ ಹಾಕುತ್ತಾರೆ, ಆಗ ಉಣ್ಣುತ್ತೇವೆ. ಜೋನ್‌ಬಾಯಿ ಒಮ್ಮೆ ಕೇಳುತ್ತಿದ್ದರು, ಇವನು ಕೈ ಅಡ್ಡ ಹಿಡಿಯುತ್ತಿದ್ದ, ಅವರು ಪಾತ್ರೆ ಎತ್ತಿ ನಾಯಿಗಳಿಗೆ ಹಾಕುತ್ತಿದ್ದರು. ಮೂರನೆಯ ದಿನ ಇವನು ಅವರು ಕೇಳುವ ಮೊದಲೇ ಹೂಂ ಅಂದ.

ಕುರಿಗಳನ್ನು ನೋಡಿ ಅವನಿಗೆ ಸಮಾಧಾನವಾಗಲಿಲ್ಲ. ಮೈತುಂಬ ಉಣ್ಣೆ, ಒಳ್ಳೆಯ ಹುಲ್ಲು, ಆದರೆ ಜೊತೆಗೆ ಯಾರೂ ನಡೆಯುವುದಿಲ್ಲ. “ಇವನ್ನ ಕಾಯಾವ್ರು ಯಾರ್ರಿ?” ಎಂದು ಕೇಳಿದ. ಬೇಲಿ ಕಾಯುತ್ತದೆ ಎಂದೆ. “ಬೇಲಿ ಮಾತಾಡತೈತೇನ್ರಿ?” ಅಂದ. ಇದನ್ನು ಜೋನ್‌ಬಾಯಿಗೆ ಹೇಳಲೋ ಬೇಡವೋ ಎಂದು ಯೋಚಿಸಿ ಹೇಳಿದೆ. ಅವರು ಹಿಂದಿನ ಕಾಲದಲ್ಲಿ ನಡೆಯುವವರು ಇದ್ದರು ಎಂದು ಹೇಳಿ ನಮ್ಮನ್ನು ಅಡುಗೆಮನೆಗೆ ಕರೆದೊಯ್ದರು.

ಅಡುಗೆಮನೆಯ ಗೋಡೆ

ಗೋಡೆಯ ಮೇಲೆ ಒಬ್ಬ ಸಿಪಾಯಿಯ ಫೋಟೋ. ಒಂದು ಬದಿ ಮೇಲಕ್ಕೆ ಮಡಚಿದ ಟೋಪಿ, ದೊಡ್ಡ ಕಿವಿ. ನಮ್ಮ ಕಡೆ ಊರಿಗೊಬ್ಬ ಮಿಲಿಟರಿಯವ ಇದ್ದೇ ಇರುತ್ತಾನೆ, ಅವನ ಫೋಟೋದಲ್ಲಿ ಮೀಸೆ ಮುಂದೆ, ಮನುಷ್ಯ ಹಿಂದೆ. ಇವನಿಗೆ ಮೀಸೆಯೇ ಬಂದಿರಲಿಲ್ಲ.

ಟಾಮ್ ಎಂದು ಹೆಸರು. ಜೋನ್‌ಬಾಯಿಯ ತಾಯಿಯ ತಮ್ಮ. ಹದಿನಾಲ್ಕಕ್ಕೆ ಮನೆ ಬಿಟ್ಟು ಕುರಿಗಳ ಉಣ್ಣೆ ಕತ್ತರಿಸುವ ಕೆಲಸಕ್ಕೆ ಸೇರಿದನಂತೆ. ಹೆಗಲ ಮೇಲೆ ಕಂಬಳಿಯ ಸುರುಳಿ, ಸೊಂಟಕ್ಕೆ ಚಹಾ ಕಾಯಿಸುವ ಒಂದು ಡಬ್ಬಿ, ಒಂದು ಕುರಿಮನೆಯಿಂದ ಇನ್ನೊಂದಕ್ಕೆ ಕಾಲ್ನಡಿಗೆ. ರಾತ್ರಿ ಬಯಲಲ್ಲೇ ಮಲಗುವುದು.

“ಅಂವ ನಮ್ಮಂವನ ಬಿಡ್ರಿ,” ಅಂದ ಮಲ್ಲಪ್ಪಣ್ಣ.

ಎರಡನೇ ಮಹಾಯುದ್ಧ ಬಂದಾಗ ಟಾಮ್ ಇನ್ನೂರು ಮೈಲಿ ದೂರದ ಒಂದು ಊರಲ್ಲಿ ಉಣ್ಣೆ ಕತ್ತರಿಸುತ್ತಿದ್ದ. ಅಲ್ಲೇ ಕಾಲಾಳು ಪಡೆಗೆ ಹೆಸರು ಕೊಟ್ಟ. ಹಡಗು ಹತ್ತುವ ಮೊದಲು ಮೂರು ದಿನ ಮನೆಗೆ ಬಂದು ಅಕ್ಕನ ಕೂಸನ್ನು ಎತ್ತಿ ಆಡಿಸಿದ. ಆ ಕೂಸು ಜೋನ್‌ಬಾಯಿ. ಮೊದಲು ಮರಳುಗಾಡಿನ ಕಡೆ ಕಳಿಸಿದರು. ಅಲ್ಲಿಂದ ಬಂದ ಕಾಗದಗಳಲ್ಲಿ ಯುದ್ಧದ ಸುದ್ದಿ ಇಲ್ಲ, ಅಲ್ಲಿಯ ಕುರಿಗಳ ಸುದ್ದಿ ಇದೆ. ಬಾಲ ದಪ್ಪ, ಹುಲ್ಲಿಲ್ಲ, ಆದರೆ ಕಾಯುವವರು ಒಳ್ಳೆಯವರು, ಚಹಾ ಕೊಟ್ಟರು ಎಂದು ಬರೆದಿದ್ದಾನೆ. ಆಮೇಲೆ ನ್ಯೂಗಿನಿಯ ಕಾಡಿಗೆ ಹಾಕಿದರು. ಬೆಟ್ಟ, ಮಳೆ, ಮೊಣಕಾಲುದ್ದ ಕೆಸರು. ಅಲ್ಲಿಂದ ಬಂದದ್ದು ಒಂದೇ ಕಾಗದ. ಕೂಸಿಗೆ ಹಲ್ಲೆಲ್ಲ ಬಂದವೇ, ಹೋಗುವಾಗ ನನ್ನ ಬೆರಳು ಕಚ್ಚಿತ್ತು ಎಂದು ಕೇಳಿದ್ದಾನೆ.

ಪಡೆ ಹಿಂದೆ ಸರಿಯುವಾಗ ಕಾಲಿಗೆ ಗುಂಡು ತಗಲಿದ ಒಬ್ಬ ಜೊತೆಗಾರ ದಾರಿಯಲ್ಲೇ ಉಳಿದ. ಟಾಮ್ ವಾಪಸು ಹೋಗಿ ಅವನನ್ನು ಹೊತ್ತು ತಂದು ಬೇರೆಯವರ ಕೈಗೆ ಕೊಟ್ಟ. ಆಮೇಲೆ ಇನ್ನೊಬ್ಬನನ್ನು ತರಲು ಹೋದ. ಅಷ್ಟೇ ಗೊತ್ತಿರುವುದು, ಹೆಣ ಸಿಗಲಿಲ್ಲ. ಯುದ್ಧ ಮುಗಿದ ಮೇಲೆ ಆ ಕುಂಟುವ ಜೊತೆಗಾರ ಈ ಅಡುಗೆಮನೆಗೆ ಬಂದು ಇದನ್ನೆಲ್ಲ ಹೇಳಿ, ಇಡೀ ದಿನ ಕೂತು, ಏನೂ ತಿನ್ನದೆ ಎದ್ದು ಹೋದನಂತೆ.

“ಸೋದರಮಾವಾ?” ಎಂದು ಮಲ್ಲಪ್ಪಣ್ಣ ಮತ್ತೆ ಕೇಳಿ ಖಾತ್ರಿ ಮಾಡಿಕೊಂಡ. “ಹಂಗಾದ್ರ ಬಾಯಿದು ಲಗ್ನ ಆದಾಗ ಮಾವನ ಸೀರಿ ಯಾರ ತಂದ್ರು, ಕೇಳ್ರಿ.”

ನಮ್ಮಲ್ಲಿ ಮದುವೆಯಲ್ಲಿ ಸೋದರಮಾವನಿಗೆ ಒಂದು ಜಾಗವಿದೆ, ಅದರಲ್ಲಿ ಬೇರೆಯವರು ನಿಂತರೆ ಜನ ಗುರುತಿಸುತ್ತಾರೆ ಎಂದು ವಿವರಿಸಿದೆ. ಜೋನ್‌ಬಾಯಿ ಫೋಟೋ ನೋಡುತ್ತ, “ಯಾರೂ ಇರಲಿಲ್ಲ,” ಎಂದರು.

ಆಮೇಲೆ ಅವರು ಮುಖ್ಯ ವಿಷಯಕ್ಕೆ ಬಂದರು. ಊರ ನಡುವೆ ಒಂದು ಕಲ್ಲಿನ ಸಿಪಾಯಿ ಇದ್ದಾನೆ. ಅವನ ಕೆಳಗಿನ ಕಟ್ಟೆಯ ಮೇಲೆ ಯುದ್ಧದಲ್ಲಿ ಸತ್ತ ಊರವರ ಹೆಸರು ಕೆತ್ತಿದ್ದಾರೆ. ಟಾಮ್‌ನ ಹೆಸರಿಲ್ಲ. ಬೇರೆ ಊರಲ್ಲಿ ಸೈನ್ಯಕ್ಕೆ ಸೇರಿದ್ದರಿಂದ ಅವನು ಈ ಊರ ಲೆಕ್ಕಕ್ಕೆ ಬರುವುದಿಲ್ಲವಂತೆ. ಆ ಊರಿನವರಿಗೆ ಅವನು ಯಾರೆಂದೇ ಗೊತ್ತಿಲ್ಲ. ಟಾಮ್‌ನ ತಾಯಿ, ಅಂದರೆ ಇವರ ಅಜ್ಜಿ, ಪ್ರತಿವರ್ಷ ಕಲ್ಲಿನ ಮುಂದೆ ನಿಂತು ಬರುತ್ತಿದ್ದರು, ಅಜ್ಜಿ ಸತ್ತ ಮೇಲೆ ತಾಯಿ, ತಾಯಿಯ ನಂತರ ಇವರು. ಅರ್ಜಿ ಬರೆದು ಬರೆದು, ಈ ವರ್ಷ ಹೆಸರು ಕೆತ್ತಿದ್ದಾರೆ. ಶನಿವಾರ ಹನ್ನೊಂದಕ್ಕೆ ಪರದೆ ಸರಿಸುವುದು. ಅವರು ಮೂರು ನಿಮಿಷ ಮಾತಾಡಬೇಕು. ನಾಯಿಗಳ ಮುಂದೆ ಅಭ್ಯಾಸ ಮಾಡುತ್ತಿದ್ದರು.

“ನನ್ನ ಹೃದಯದ ಬಗ್ಗೆ ಡಾಕ್ಟರ್ ಒಳ್ಳೆಯ ಮಾತೇನೂ ಹೇಳಿಲ್ಲ,” ಎಂದರು ಜೋನ್‌ಬಾಯಿ. “ನಾನು ಇರುವಾಗ ಈ ಊರು ಅವನ ಹೆಸರು ಓದಬೇಕು. ಬೇರೇನೂ ಬೇಡ.”

ಶುಕ್ರವಾರ, ಊರ ನಡುವೆ

ಮುಂಚಿನ ದಿನ ನಮಗೆ ಕಲ್ಲು ತೋರಿಸಲು ಕರೆದೊಯ್ದರು. ಬೆಳ್ಳಗಿನ ಅಮೃತಶಿಲೆಯ ಸಿಪಾಯಿ, ತಲೆ ತಗ್ಗಿಸಿ, ಬಂದೂಕು ಕೆಳಮುಖ ಮಾಡಿ ಅದರ ಮೇಲೆ ಕೈ ಇಟ್ಟು ನಿಂತಿದ್ದಾನೆ. ಕಟ್ಟೆಯ ಮೇಲಿನ ಹೆಸರುಗಳ ಕೊನೆಗೆ ಒಂದು ನೀಲಿ ಬಟ್ಟೆ ಕಟ್ಟಿದ್ದರು, ಅದರ ಹಿಂದೆ ಹೊಸ ಹೆಸರು. ಏಪ್ರಿಲ್ ಕೊನೆ. ನಮ್ಮಲ್ಲಿ ಬೆಂಕಿ ಬಿಸಿಲು, ಅಲ್ಲಿ ಮೋಡ ಮತ್ತು ಚಳಿ.

ಜೋನ್‌ಬಾಯಿಗೆ ಪಂಚಾಯಿತಿ ಕಚೇರಿಯಲ್ಲಿ ಸಹಿ ಮಾಡುವುದಿತ್ತು. ನಾನು ಜೊತೆಗೆ ಹೋದೆ. ನೀ ಇಲ್ಲೇ ನಿಂತಿರು ಎಂದು ಮಲ್ಲಪ್ಪಣ್ಣನಿಗೆ ಹೇಳಿದೆ. ಅವನು ಅಲ್ಲೇ ನಿಂತಿದ್ದ, ಆ ವಿಷಯದಲ್ಲಿ ಅವನ ತಪ್ಪಿಲ್ಲ. ಅವರು ಒಳಗೆ ಮಾತಾಡುತ್ತಿದ್ದುದರಿಂದ ನಾನು ಮೊದಲು ಹೊರಗೆ ಬಂದೆ. ಟೋಪಿಯಿಂದ ಬೂಟಿನವರೆಗೆ ಸಿಪಾಯಿ ಹಳದಿಯಾಗಿದ್ದ. ಮಲ್ಲಪ್ಪಣ್ಣ ಚಪ್ಪಲಿ ಬಿಟ್ಟು, ಕಂಬಳಿ ಹೆಗಲಿಗೆ ಹಾಕಿ, ಕೈ ಮುಗಿದು ನಿಂತಿದ್ದ. ಚೀಲ ಖಾಲಿ.

“ಯಳಕೋಟ ಯಳಕೋಟ ಜಯ ಮಲ್ಹಾರ,” ಎಂದು ಮಲ್ಲಯ್ಯನ ಜಯಕಾರ ಮುಗಿಸಿ ನನ್ನ ಕಡೆ ತಿರುಗಿ, “ಈಗ ನೋಡ್ರಿ, ಕಳೆ ಬಂತು,” ಅಂದ.

ಅಷ್ಟರಲ್ಲಿ ತುಂತುರು ಮಳೆ ಶುರುವಾಯಿತು. ಒಣ ಪುಡಿಯಾಗಿದ್ದರೆ ಝಾಡಿಸಬಹುದಿತ್ತು, ನೆನೆದ ಅರಿಷಿಣ ಕಲ್ಲಿಗೆ ಹಿಡಿಯಿತು. ನಾನು ಕರವಸ್ತ್ರದಿಂದ ತಿಕ್ಕಿದೆ. ಪುಡಿ ಬೀಳದಿದ್ದ ಜಾಗಕ್ಕೂ ಹತ್ತಿತು. ಎದುರಿನ ಬೇಕರಿಗೆ ಓಡಿ ಬಟ್ಟೆ ಒಗೆಯುವ ಸೋಪಿನ ಪುಡಿಯನ್ನೂ ಒಂದು ಬಕೆಟ್ ನೀರನ್ನೂ ಬೇಡಿ ತಂದು ಎದೆಯಿಂದ ಬೂಟಿನವರೆಗೆ ಉಜ್ಜಿದೆ.

ಅರಿಷಿಣಕ್ಕೆ ಸುಣ್ಣ ಬೆರೆತರೆ ಕೆಂಪಾಗುತ್ತದೆ ಎಂಬುದು ಓಕುಳಿ ಆಡುವ ಮಕ್ಕಳಿಗೂ ಗೊತ್ತು. ಸೋಪಿನ ಪುಡಿಗೂ ಅದೇ ಗುಣವಿದೆ ಎಂಬುದು ಮೂವತ್ತೈದು ವರ್ಷ ಔಷಧಿಗಳ ನಡುವೆ ನೌಕರಿ ಮಾಡಿದ ನನಗೆ ಹೊಳೆಯಲಿಲ್ಲ. ಸಿಪಾಯಿ ನನ್ನ ಕೈಯಡಿಯಲ್ಲೇ ಕೆಂಪಾದ. ಎದೆಯಿಂದ ಕೆಳಗೆ ಇಳಿದು ಬೂಟಿನ ಹತ್ತಿರ ಹನಿಯುತ್ತಿತ್ತು.

“ಡಾಕ್ಟ್ರ, ಸಾಕ ಮಾಡ್ರಿ,” ಅಂದ ಮಲ್ಲಪ್ಪಣ್ಣ.

ಪಂಚಾಯಿತಿಯವನು ಹೊರಗೆ ಬಂದ. ಸಿಪಾಯಿಯನ್ನು ನೋಡಿದ, ನನ್ನ ಕೆಂಪು ಕೈಗಳನ್ನು ನೋಡಿದ. ಇದು ಯಾರ ಕೆಲಸ ಎಂದು ಕೇಳಿದ. ನಾನು ಮಲ್ಲಪ್ಪಣ್ಣನ ಕಡೆ ಕೈ ತೋರಿಸಿದೆ. ಕೆಂಪು ಮಾಡಿದ್ದು? ಅದೂ ಅವನೇ ಎಂದೆ. ಮಲ್ಲಪ್ಪಣ್ಣನಿಗೆ ಇಂಗ್ಲಿಷ್ ತಿಳಿಯದು. ತನ್ನನ್ನು ಪರಿಚಯ ಮಾಡಿಕೊಡುತ್ತಿದ್ದಾರೆ ಎಂದು ತಿಳಿದು ಕೈ ಮುಗಿದ.

ಬೆಂಚಿನ ಮೇಲೆ

ಜೋನ್‌ಬಾಯಿ ಬಂದು ನೋಡಿ ಬೆಂಚಿನ ಮೇಲೆ ಕೂತರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇದು ಹಳೆಯ ಕಲ್ಲು, ಯಾರು ಯಾರೋ ಮುಟ್ಟುವಂತಿಲ್ಲ, ನಗರದಿಂದ ತಜ್ಞರು ಬರಬೇಕು ಎಂದ ಪಂಚಾಯಿತಿಯವನು. ಇಂಥ ಸ್ಥಿತಿಯಲ್ಲಿ ನಾಳೆ ಜನರನ್ನು ಸೇರಿಸಲಾಗದು, ಸತ್ತ ಸಿಪಾಯಿಗಳನ್ನು ನೆನೆಯುವ ವಾರ ವರ್ಷಕ್ಕೊಮ್ಮೆ, ಕಾರ್ಯಕ್ರಮ ಮುಂದಿನ ವರ್ಷ ಮಾಡೋಣ ಎಂದ.

“ಮುಂದಿನ ವರ್ಷ,” ಎಂದರು ಜೋನ್‌ಬಾಯಿ.

ಆಮೇಲೆ ಮಲ್ಲಪ್ಪಣ್ಣನನ್ನು ನೋಡಿ, ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದರು. ಅವನು ಅವರ ಮುಂದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ.

“ಬಾಯಿ, ಕುರಿ ಬಿಟ್ಟು ಕಾಳಗಕ್ಕ ಹೋದಂವ, ಮತ್ತೊಬ್ಬಂದು ಜೀವ ಉಳಿಸಿ ಸತ್ತಾನ. ನಮ್ಮ ಕಡೆ ಹಂತಾವ್ರಿಗೆ ಕಲ್ಲ ನಿಲ್ಲಸ್ತಾರ, ದಿನಾ ಎಣ್ಣಿ ಹಾಕ್ತಾರ, ಭಂಡಾರ ಹಾಕ್ತಾರ. ಇಲ್ಲಿ ಎಂಬತ್ತ ವರ್ಷ ಅಂವಗ ಒಂದು ಚಿಟಿಕಿ ಅರಿಷಿಣ ಯಾರೂ ಹಾಕಿಲ್ಲ. ಮನಿ ಮಂದಿ ಮುಂದ ನಿಂತು ಬರೇ ನೋಡಿ ಹೋಗ್ಯಾರ. ಅದಕ್ಕ ಹಾಕೀನಿ.”

ಒಂದೂ ಮಾತು ಬಿಡದೆ ಹೇಳಿದೆ. ಜೋನ್‌ಬಾಯಿ ಕೇಳುತ್ತ ಕೂತರು. ಮಲ್ಲಪ್ಪಣ್ಣ ನನ್ನ ತೋಳು ಮುಟ್ಟಿ ತಗ್ಗಿದ ದನಿಯಲ್ಲಿ ಹೇಳಿದ:

“ಡಾಕ್ಟ್ರ, ಕೆಂಪ ಮಾಡಿದ್ದೂ ನಾನ ಅಂತ ಹೇಳಿಬಿಡ್ರಿ. ನೀವು ಮಾತಾಡೋ ಮನುಷ್ಯಾರು, ನಿಮ್ಮ ಮ್ಯಾಲ ಇವರ ನಂಬಿಗಿ ಹೋಗಬಾರದು.”

ಅದನ್ನು ನಾನು ಆಗಲೇ ಹೇಳಿಯಾಗಿತ್ತು. ನೌಕರಿಯಲ್ಲಿದ್ದಾಗ ಸತ್ತ ಕುರಿಗಳ ತಪ್ಪನ್ನು ಎಷ್ಟೋ ಸಲ ಕುರಿಗಾರರ ಮೇಲೆ ಬರೆದವನು ನಾನು, ಆಗ ಏನೂ ಅನ್ನಿಸಿರಲಿಲ್ಲ. ಅವತ್ತು ನಾಚಿಕೆಯಾಯಿತು. ಎದ್ದು ನಿಂತು, ಕೆಂಪು ಮಾಡಿದ್ದು ನಾನು, ಸುಳ್ಳು ಹೇಳಿದವನೂ ನಾನು ಎಂದೆ. ಇಂಗ್ಲಿಷಿನಲ್ಲಿ ನಾನು ಹೇಳಿದ ವಾಕ್ಯಗಳಲ್ಲಿ ಅಷ್ಟು ಸ್ಪಷ್ಟವಾದದ್ದು ಇನ್ನೊಂದಿಲ್ಲ. ಪಂಚಾಯಿತಿಯವನು ನನ್ನ ಕೈಗಳನ್ನು ಇನ್ನೊಮ್ಮೆ ನೋಡಿ, ಅದು ಗೊತ್ತಿತ್ತು ಎಂದ.

ಮುಂದಿನ ವರ್ಷದ ಮಾತು ಕೇಳಿ ಮಲ್ಲಪ್ಪಣ್ಣ ನಕ್ಕ. “ಅರಿಷಿಣಕ್ಕ ತಜ್ಞರ ಯಾಕ್ರಿ? ಬರೇ ನೀರ ಹೊಡದ್ರ ಕೆಂಪ ಹೋಗಿ ಹಳದಿ ಆಕ್ಕೈತಿ. ಬಿಸಲ ಬಿದ್ರ ಹಳದೀನೂ ಹೊಕ್ಕೈತಿ. ಅರಿವಿ ಒಗ್ಯಾವ್ರನ್ನ ಕೇಳ್ರಿ.”

ಬಿಸಿಲೆಲ್ಲಿದೆ ಎಂದು ಮೇಲೆ ನೋಡಿದೆ. ಮೋಡ. ಪಂಚಾಯಿತಿಯವನಿಗೆ ಹೇಳಿದೆ, ನಂಬಲಿಲ್ಲ. ಜೋನ್‌ಬಾಯಿ ಅವನಿಗೆ ಹೇಳಿದರು, “ನಾಳೆ ಹತ್ತು ಗಂಟೆಯವರೆಗೆ ಕಾಯಿ. ನಾನು ನಿನಗಿಂತ ಹೆಚ್ಚು ಕಾದಿದ್ದೇನೆ.” ಅವನು ಒಪ್ಪಿದ. ಮಲ್ಲಪ್ಪಣ್ಣ ಹನ್ನೆರಡು ಬಕೆಟ್ ನೀರು ಹಾಕಿದ. ನಾನು ಹೊತ್ತು ತಂದೆ.

ಶನಿವಾರ

ಬೆಳಿಗ್ಗೆ ಮನೆಯಿಂದ ಹೊರಗೆ ಬಂದು ಮೂವರೂ ಆಕಾಶ ನೋಡಿದೆವು. ಇನ್ನೂ ಮೋಡವೇ. ಜೋನ್‌ಬಾಯಿ ಒಳ್ಳೆಯ ಕೋಟು ಹಾಕಿದ್ದರು, ಭಾಷಣದ ಕಾಗದ ಕೈಯಲ್ಲಿತ್ತು. ಎಂಟಕ್ಕೆ ಕಲ್ಲಿನ ಹತ್ತಿರ ಬಂದು ನಿಲ್ಲುವಾಗ ಮೋಡ ಒಡೆಯಿತು. ಅಲ್ಲಿಯ ಬಿಸಿಲು ಚಳಿಯಲ್ಲೂ ಚರ್ಮ ಸುಡುತ್ತದೆ, ಆ ದೇಶದ ಬಗ್ಗೆ ನನಗೆ ಮೆಚ್ಚುಗೆಯಾದ ಸಂಗತಿಗಳಲ್ಲಿ ಅದು ಮೊದಲನೆಯದು. ಒಂಬತ್ತಕ್ಕೆ ಟೋಪಿ ಬೆಳ್ಳಗಾಯಿತು, ಒಂಬತ್ತೂವರೆಗೆ ಹೆಗಲು. ಮಲ್ಲಪ್ಪಣ್ಣ ಬಟ್ಟೆ ಒಣಹಾಕಿದವರ ಹಾಗೆ ಎದುರಿಗೆ ಕೂತು ಕಾಯುತ್ತಿದ್ದ. ಹತ್ತಕ್ಕೆ ಪಂಚಾಯಿತಿಯವನು ಬಂದು ಸಿಪಾಯಿಯ ಸುತ್ತ ಎರಡು ಸುತ್ತು ಹಾಕಿ, ಬೂಟಿನ ಮೇಲೆ ಬೆರಳಾಡಿಸಿ, ಕುರ್ಚಿಗಳನ್ನು ಹಾಕಿಸಿದ.

ಹನ್ನೊಂದಕ್ಕೆ ಇಡೀ ಊರು ಸೇರಿತ್ತು. ಹಳದಿ ಸಿಪಾಯಿಯ ಫೋಟೋ ಹಿಂದಿನ ದಿನವೇ ಎಲ್ಲರ ಫೋನಿಗೆ ಹೋಗಿತ್ತು, ಅದನ್ನು ನೋಡಲೂ ಕೆಲವರು ಬಂದಿದ್ದರು. ಬಿಳಿಯ ಸಿಪಾಯಿಯನ್ನು ಕಂಡು ನಿರಾಶರಾದರು. ಜೋನ್‌ಬಾಯಿ ಮಾತಾಡಿದರು. ಕುರಿಮನೆ, ಕಂಬಳಿಯ ಸುರುಳಿ, ಮರಳುಗಾಡಿನ ಕುರಿಗಳು, ಕೆಸರು, ಹೊತ್ತು ತಂದ ಜೊತೆಗಾರ, ಕಚ್ಚಿದ ಬೆರಳು. ಮೂರು ನಿಮಿಷದ ಜಾಗದಲ್ಲಿ ಏಳು ನಿಮಿಷವಾಯಿತು. ಯಾರೂ ಗಡಿಯಾರ ನೋಡಲಿಲ್ಲ.

ಪಂಚಾಯಿತಿಯವನು ಹಗ್ಗ ಎಳೆದ. ನೀಲಿ ಬಟ್ಟೆ ಬಿತ್ತು.

ಬಟ್ಟೆಯ ಹಿಂದೆ ಬಿಸಿಲು ಹೋಗಿರಲಿಲ್ಲ. ಬೆಳ್ಳಗಿನ ಕಟ್ಟೆಯ ಮೇಲೆ, ಬಿಳಿಯ ಹೆಸರುಗಳ ಕೊನೆಗೆ, ಒಂದೇ ಒಂದು ಹೆಸರು ಅಕ್ಷರ ಅಕ್ಷರವೂ ಅರಿಷಿಣ ತುಂಬಿ ನಿಂತಿತ್ತು.

ನಾನು ಮಲ್ಲಪ್ಪಣ್ಣನ ಕಡೆ ನೋಡಿದೆ. “ಬಟ್ಟಿ ಎತ್ತಿ ಹೆಸರಿಗೂ ಹಚ್ಚಿದ್ದೇನು?”

“ಹೆಸರಿಗೆ ಮದಲ ಹಚ್ಚೀನ್ರಿ. ಉಳಿದದ್ದು ಸಿಪಾಯಿಗೆ.”

ಪಂಚಾಯಿತಿಯವನು ಜೇಬಿನಿಂದ ಕರವಸ್ತ್ರ ತೆಗೆದು ಬಗ್ಗಿದ. “ಕೈ ತೆಗೆ,” ಎಂದರು ಜೋನ್‌ಬಾಯಿ. ಅವನು ಕೈ ತೆಗೆದ. ಅವರ ಕಣ್ಣು ಮಂಜು, ಕೂತಲ್ಲಿಂದ ಉಳಿದ ಯಾವ ಹೆಸರೂ ಅವರಿಗೆ ಕಾಣುತ್ತಿರಲಿಲ್ಲ. ಇದನ್ನು ಕುರ್ಚಿಯಲ್ಲೇ ಕೂತು ಗಟ್ಟಿಯಾಗಿ ಓದಿದರು. ಹಿಂದಿನ ಸಾಲಿನವರು ಓದಿದರು. ರಸ್ತೆಯಾಚೆ ಬೇಕರಿಯ ಬಾಗಿಲಲ್ಲಿ ನಿಂತಿದ್ದವರೂ ಓದಿದರು. ಜೋನ್‌ಬಾಯಿ ಅತ್ತರು, ನಾನೂ ಅತ್ತೆ. ನನಗೆ ಆ ಮನುಷ್ಯ ಏನೂ ಆಗಬೇಕಿರಲಿಲ್ಲ.

ಜನ ಹೋದರು, ಕುರ್ಚಿಗಳನ್ನು ಎತ್ತಿದರು, ಒಂದನ್ನು ಬಿಟ್ಟು. ಜೋನ್‌ಬಾಯಿ ಏಳಲಿಲ್ಲ. ಬಿಸಿಲು ಕಟ್ಟೆಯ ಮೇಲೆ ನೇರ ಬೀಳುತ್ತಿತ್ತು. ಮಲ್ಲಪ್ಪಣ್ಣ ಅವರ ಪಕ್ಕದಲ್ಲಿ ನೆಲಕ್ಕೆ ಕೂತು ಮರಾಠಿಯಲ್ಲಿ ಏನೇನೋ ಹೇಳುತ್ತಿದ್ದ, ಅವರು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದರು, ನಾನು ನಡುವೆ ಬಾಯಿ ಹಾಕಲಿಲ್ಲ. ಮೂರು ಗಂಟೆಯ ಹೊತ್ತಿಗೆ ಟಾಮ್‌ನ ಹೆಸರೂ ಉಳಿದವರ ಹೆಸರುಗಳಂತೆ ಬಿಳಿಯಾಯಿತು, ಯಾವುದು ಅವನದೆಂದು ದೂರದಿಂದ ತಿಳಿಯದಷ್ಟು. ಆಗ ಜೋನ್‌ಬಾಯಿ ಎದ್ದು, ಇನ್ನು ಮನೆಗೆ ಹೋಗೋಣ ಎಂದರು.